ಮೊದಲು ಕಿವಿ, ಆಮೇಲೆ ಪಾನಾ

ಮನೆಯಲ್ಲಿ ಮುಪ್ಪಾದ ವಸ್ತುಗಳಿಗೆ ನಾವು ಸಾಮಾನ್ಯವಾಗಿ ಎರಡೇ ಗತಿಗಳನ್ನು ಗೊತ್ತುಮಾಡಿದ್ದೇವೆ: ಒಂದು ಅಟ್ಟ, ಇನ್ನೊಂದು ಗುಜರಿ. ತೂತುಬಿದ್ದ ಹಂಡೆ, ಕಾಲು ಮುರಿದ ಕುರ್ಚಿ, ನಿಂತುಹೋದ ಗಡಿಯಾರ ಇವೆಲ್ಲ ಮೊದಲು ಅಟ್ಟವನ್ನೇರಿ, ಅಲ್ಲಿ ಕೆಲವು ವರ್ಷ ತಪಸ್ಸು ಮಾಡಿ, ಬಳಿಕ ಗುಜರಿಯವನ ತಕ್ಕಡಿಗೆ ಇಳಿಯುತ್ತವೆ. ಮೋಟಾರು ಕಾರಿಗೆ ಮಾತ್ರ ಅಟ್ಟದ ಭಾಗ್ಯವಿಲ್ಲ. ಅದು ಅಂಗಳದ ಬೇವಿನ ಮರದ ಕೆಳಗೆ ನಿಂತು, ತರಗೆಲೆ ಹೊದ್ದು, ಬೆಕ್ಕಿನ ಸಂಸಾರಕ್ಕೆ ನೆರಳಾಗಿ, ‘ಇದನ್ನೇನು ಮಾಡೋಣ?’ ಎಂಬ ಪ್ರಶ್ನೆಯಾಗಿ ಮನೆಯವರ ಮನಸ್ಸಿನಲ್ಲಿ ಉಳಿಯುತ್ತದೆ. ಬೀದರ, ಭಾಲ್ಕಿ, ಔರಾದಗಳ ಓಣಿಗಳಲ್ಲಿ ಅಂಥ ಪ್ರಶ್ನೆಗಳನ್ನು ನಾನು ಕಂಡಿದ್ದೇನೆ. ಅವುಗಳ ಹೆಸರು ಬಹುಮಟ್ಟಿಗೆ ಅಂಬಾಸಿಡರ್.

ಅಂಬಾಸಿಡರ್ ನಮ್ಮ ದೇಶದ ಕಾರಲ್ಲವೆ, ಅದನ್ನು ವಿಲಾಯತಿ ಕಾರೆಂದು ಏಕೆ ಕರೆಯಬೇಕು ಎಂದು ಓದುಗರು ಕೇಳಬಹುದು. ಅದರ ಹುಟ್ಟು ವಿಲಾಯತಿನದು, ಬಾಳು ನಮ್ಮದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದ ಮಗ್ಗುಲಿನ ಕೌಲಿ ಎಂಬಲ್ಲಿಯ ಕಾರ್ಖಾನೆ 1956ರಲ್ಲಿ ಹೊರತಂದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯೇ ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ, ಹಿಂದುಸ್ತಾನ್ ಮೋಟಾರ್ಸ್‌ನವರ ಕಾರ್ಖಾನೆಯಲ್ಲಿ, ಅಂಬಾಸಿಡರ್ ಎಂದು ನಾಮಕರಣ ಪಡೆಯಿತು. ಹೆತ್ತ ನಾಡು ಆ ಮಾದರಿಯನ್ನು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಸಾಕಿದ ನಾಡು ಅದನ್ನು ತಿದ್ದುತ್ತ ತೀಡುತ್ತ 2014ರ ಮೇ ತಿಂಗಳವರೆಗೆ ತಯಾರಿಸಿತು. ಬಹುಕಾಲ ಅದರ ಒಡಲಲ್ಲಿದ್ದದ್ದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಎಂ.ಜಿ.ಎ. ಎಂಬ ಹೆಸರಾಂತ ಇಂಗ್ಲಿಷ್ ಕ್ರೀಡಾ ಕಾರಿಗೂ ಮೊದಲು ಇದೇ ವಂಶದ ಎಂಜಿನ್ನನ್ನು ಜೋಡಿಸಿದ್ದರು. ಡೀಸೆಲ್ ಅಂಬಾಸಿಡರಿನ ಮಾತು ಬೇರೆ. 1990ರ ದಶಕದಲ್ಲಿ ಬಂದ ಜಪಾನಿ ಎಂಜಿನಿನ ಮಾತೂ ಬೇರೆ. ಈ ವಾರದ ಮಾತು ಆ ಹಳೆಯ ಪೆಟ್ರೋಲ್ ಎಂಜಿನನ್ನು ಕುರಿತದ್ದು.

ಭಾಲ್ಕಿಯಲ್ಲಿರುವ ನನ್ನ ಅಧ್ಯಾಪಕ ಮಿತ್ರರೊಬ್ಬರ ಮನೆಯಲ್ಲಿ ಎಪ್ಪತ್ತರ ದಶಕದ ಒಂದು ಅಂಬಾಸಿಡರ್ ಉಂಟು. ಅವರ ತಂದೆಯವರು ಔರಾದದ ಹೊಲಮನೆಗಳ ನಡುವೆ ಓಡಿಸುತ್ತಿದ್ದ ಕಾರು. ಖಾಸಗಿ ಕಾರಿನ ನೋಂದಣಿ ಮೊದಲಿಗೆ ಹದಿನೈದು ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ನವೀಕರಿಸಿಕೊಳ್ಳಬೇಕು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದಂತೆ ‘ವಿಂಟೇಜ್’ ಎಂಬ ಬೇರೆ ನೋಂದಣಿಯೂ ಉಂಟು. ಆದರೆ ಆ ಗೌರವ ಪಡೆದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತಿಂಗಳಿಗೊಮ್ಮೆ ಔರಾದಕ್ಕೆ ಹೋಗಿಬರುವ ಮಿತ್ರರಿಗೆ ಹಳೆಯ ನೋಂದಣಿಯೇ ಬೇಕಾಗಿತ್ತು. ಅವಧಿ ಮುಗಿಯಲು ಮೂರು ವಾರವಿದ್ದಾಗ ಹೊಗೆಯ ತಪಾಸಣೆ ಮಾಡಿಸಿದರು. ಇಂಥ ಹಳೆಯ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 3ನ್ನು ಮೀರಕೂಡದು. ಇವರದು ಮೀರಿತ್ತು.

ಮನೆಯಲ್ಲಿ ಸಭೆ ಸೇರಿತು. ಕಾರ್ಬುರೇಟರೇ ಹಾಳಾಗಿದೆ, ಬೇರೆಯದನ್ನು ಹೈದರಾಬಾದಿನಿಂದ ಹುಡುಕಿ ತರಿಸಬೇಕು ಎಂದು ಒಬ್ಬರೆಂದರು. ತಿಂಗಳ ಸಂಬಳ ಅದಕ್ಕೇ ಹೋದರೆ ಮಗಳ ಕಾಲೇಜಿನ ಫೀಸಿಗೇನು ಮಾಡುವುದು ಎಂದರು ಮಿತ್ರರ ಪತ್ನಿ. ಗುಜರಿಯವನು ಆಗಲೇ ಎರಡು ಸಲ ಬಂದು ಬಾನೆಟ್ಟು ತಟ್ಟಿ ನೋಡಿ ಹೋಗಿದ್ದ. ಮಿತ್ರರ ತಾಯಿ ಮಾತ್ರ ಒಂದೇ ಮಾತು ಹೇಳಿದರು: “ಅದನ್ನ ಮಾರೂದಿದ್ರ ನಾ ಹೋದ ಮ್ಯಾಲ ಮಾರ್ರಿ.” ಆ ಮಾತಿನ ಮುಂದೆ ಲೆಕ್ಕಪತ್ರಗಳೆಲ್ಲ ಮಡಚಿಕೊಂಡವು.

ಕೊನೆಗೆ ಬೀದರದಿಂದ ಒಬ್ಬ ಉಸ್ತಾದರನ್ನು ಕರೆತರುವುದೆಂದಾಯಿತು. ಎಪ್ಪತ್ತು ದಾಟಿದವರು, ಕಣ್ಣು ಮಂಜು, ಕೈ ನಡುಕ. “ಕೆಲಸಾ ನನ್ನಿಂದ ಆಗೂದಿಲ್ಲ ಸರ. ಕುರ್ಚಿ ಹಾಕ್ರಿ, ಕುಂತು ಹೇಳ್ತೀನಿ, ನೀವು ಮಾಡ್ರಿ” ಎಂಬ ಕರಾರಿನ ಮೇಲೆ ಬಂದರು. ಪಾನಾ ಹಿಡಿದವರು ಮಿತ್ರರು, ವಹಿ ಹಿಡಿದವಳು ಅವರ ಮಗಳು, ಬೆಳಕು ಹಿಡಿದವನು ನಾನು.

ಇಲ್ಲಿ ಪಾನಾದ ಸಂಗತಿಯನ್ನೇ ಮೊದಲು ಹೇಳಿಬಿಡಬೇಕು. ಈ ಕಾರಿನ ನಟ್ಟುಗಳು ಅಂಗುಲದ ಲೆಕ್ಕದವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರ್. ಇಂದಿನ 13ರ ಪಾನಾ ಅದಕ್ಕೆ ಕೂತಂತೆ ಕಾಣುತ್ತದೆ. ಬಲ ಹಾಕಿದೊಡನೆ ಜಾರಿ ಮೂಲೆಗಳನ್ನು ಸವೆಸುತ್ತದೆ. ನಮ್ಮ ಭಾಗದ ಹಳೆಯ ಉಸ್ತಾದರಿಗೆ ಅಂಗುಲ ಹೊಸತಲ್ಲ. ಬೀದರ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತಷ್ಟೆ. ಆ ಸಂಸ್ಥಾನದ ರೈಲ್ವೆಯವರು 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿದಾಗ ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳನ್ನೇ ತರಿಸಿದ್ದರು. ವಿಲಾಯತಿ ಯಂತ್ರದ ಅಳತೆ ಈ ಸೀಮೆಯ ಕೈಗಳಿಗೆ ತಲೆಮಾರುಗಳಿಂದ ಪರಿಚಿತವಾದದ್ದು.

ಬಾನೆಟ್ಟು ತೆರೆದೊಡನೆ ಮಿತ್ರರು ಪೇಚಕಸವನ್ನು ಕೈಗೆತ್ತಿಕೊಂಡರು. ಉಸ್ತಾದರು ತಡೆದರು: “ಮೊದಲು ಕೇಳ್ರಿ, ಆಮ್ಯಾಲ ಬಿಚ್ರಿ.” ಎಂಜಿನ್ ಶುರುವಾಯಿತು. ಅವರು ಕಣ್ಣು ಮುಚ್ಚಿ ಸೈಲೆನ್ಸರಿನ ಕಡೆಗೆ ಕಿವಿಗೊಟ್ಟರು.

ನಾಲ್ಕು ಸಿಲಿಂಡರುಗಳ ಈ ಎಂಜಿನ್ನಿನಲ್ಲಿ ಬೆಂಕಿ ಹೊತ್ತುವ ಕ್ರಮ 1-3-4-2. ಛಂದಸ್ಸಿನ ಪಾಠ ಹೇಳುವವನ ಕಿವಿಗೆ ಅದು ನಾಲ್ಕು ಮಾತ್ರೆಗಳ ಗಣದಂತೆಯೇ ಕೇಳಿಸುತ್ತದೆ. ಗಣ ಕೆಡುವುದರಲ್ಲೂ ಎರಡು ಬಗೆಗಳುಂಟೆಂದು ಆ ದಿನ ತಿಳಿಯಿತು. ಗಾಳಿಯೊಡನೆ ಬೆರೆಯುವ ಪೆಟ್ರೋಲ್ ಹೆಚ್ಚಾದರೆ ಎಡವುವುದೂ ತಾಳಬದ್ಧವಾಗಿರುತ್ತದೆ, ಹೊಗೆ ಕಪ್ಪಗಿರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಎಡವು ಅಡ್ಡಾದಿಡ್ಡಿ, ಹೊಗೆಗೆ ಬಣ್ಣವಿಲ್ಲ. ಮಿತ್ರರ ಕಾರು ತಾಳ ತಪ್ಪದೆ ಎಡವುತ್ತಿತ್ತು. “ತಿನ್ನೂದು ಜಾಸ್ತಿ ಆಗ್ಯಾದ” ಎಂದರು ಉಸ್ತಾದರು. ಪ್ಲಗ್ಗುಗಳನ್ನು ಬಿಚ್ಚಿದಾಗ ಅವು ಅದೇ ಸಾಕ್ಷಿ ಹೇಳಿದವು. ಆರೋಗ್ಯವಂತ ಎಂಜಿನ್ನಿನ ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣದ್ದು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು. ಎಣ್ಣೆಯ ಜಿಡ್ಡಿದ್ದರೆ ಒಳಗಿನ ಸವೆತ. ಇಲ್ಲಿ ನಾಲ್ಕಕ್ಕೂ ಒಣ ಕಾಡಿಗೆ.

ರೋಗ ತಿಳಿಯಿತೆಂದು ನೇರವಾಗಿ ಕಾರ್ಬುರೇಟರಿಗೆ ಕೈಹಾಕುವುದು ಅವರ ಶಾಸ್ತ್ರದಲ್ಲಿ ಅಪರಾಧ. ಅದರ ಸರದಿ ಕಟ್ಟಕಡೆಗೆ. ಮೊದಲು ವಾಲ್ವುಗಳ ಟ್ಯಾಪೆಟ್ಟು. ಎಂಜಿನ್ ಬಿಸಿಯಿರುವಾಗಲೇ ರಾಕರಿಗೂ ವಾಲ್ವಿನ ತುದಿಗೂ ನಡುವೆ 0.015 ಅಂಗುಲದ ಸಂದು ಇರಬೇಕು. ಎಂಟು ವಾಲ್ವುಗಳಲ್ಲಿ ಯಾವುದನ್ನು ಯಾವಾಗ ಅಳೆಯಬೇಕೆಂಬುದಕ್ಕೆ ‘ಒಂಬತ್ತರ ಲೆಕ್ಕ’ ಎಂಬ ಸೊಗಸಾದ ಸೂತ್ರವುಂಟು. ಮುಂದಿನಿಂದ ಒಂದು, ಎರಡು ಎಂದು ಎಣಿಸಿಕೊಳ್ಳಿ. ಎಂಟನೆಯದು ಪೂರ್ತಿ ತೆರೆದು ನಿಂತಾಗ ಒಂದನೆಯದನ್ನು ಅಳೆಯಿರಿ. ಏಳು ತೆರೆದಾಗ ಎರಡು. ಆರು ತೆರೆದಾಗ ಮೂರು. ಕೂಡಿದರೆ ಯಾವಾಗಲೂ ಒಂಬತ್ತೇ.

ಈ ಸಂದಿಗೆ ಇಂದು ಹೊಸ ಮಹತ್ವ ಬಂದಿದೆ. ಹಿಂದಿನ ಪೆಟ್ರೋಲಿನಲ್ಲಿ ಸೀಸದ ಅಂಶವಿರುತ್ತಿತ್ತು. ಅದು ವಿಷವೆಂಬುದು ದಿಟ, ಆದರೆ ವಾಲ್ವು ಕೂರುವ ಪೀಠಕ್ಕೆ ತೆಳುವಾದ ರಕ್ಷೆಯಾಗಿತ್ತು. 2000ದಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಬಂದದ್ದು ಮಕ್ಕಳ ಆರೋಗ್ಯಕ್ಕೆ ದೊಡ್ಡ ಉಪಕಾರ. ಹಳೆಯ ಎರಕದ ಪೀಠಗಳು ಮಾತ್ರ ಮೆಲ್ಲಮೆಲ್ಲನೆ ಸವೆದು ವಾಲ್ವು ಒಳಗಿಳಿಯಬಹುದು. ಆಗ ಸಂದು ಹಿಗ್ಗುವುದಿಲ್ಲ, ಕುಗ್ಗುತ್ತದೆ. ಪೂರ್ತಿ ಮುಚ್ಚಿದರೆ ವಾಲ್ವು ಸುಟ್ಟಿತೆಂದೇ ತಿಳಿಯಿರಿ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದೇ ಇಲ್ಲದ ಟ್ಯಾಪೆಟ್ಟಿಗೆ ಹೆಚ್ಚು ಅಂಜಬೇಕು.

ಎರಡನೆಯದು ಪ್ಲಗ್ಗು: ಒರೆಸಿ, 0.025 ಅಂಗುಲದ ಸಂದಿಗೆ ತಂದರೆ ಸಾಕು. ಮೂರನೆಯದು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು: ಪೂರ್ತಿ ತೆರೆದಾಗ 0.015 ಅಂಗುಲದ ಆಸುಪಾಸು. ಪಾಯಿಂಟಿನ ಸಂದು ಬದಲಾದರೆ ಕಿಡಿ ಹಾರುವ ಗಳಿಗೆಯೂ ಬದಲಾಗುತ್ತದೆ. ಸಂದು ಹೆಚ್ಚಿದರೆ ಕಿಡಿ ಮುಂಚೆ, ತಗ್ಗಿದರೆ ತಡ. ಆದುದರಿಂದ ಟೈಮಿಂಗಿನ ಸರದಿ ಪಾಯಿಂಟಿನ ನಂತರವೇ. ಅದಕ್ಕೆ ಬೇಕಾದುದು ಒಂದು ಹನ್ನೆರಡು ವೋಲ್ಟಿನ ಬಲ್ಬು, ಎರಡು ತುಂಡು ತಂತಿ. ಪಾಯಿಂಟಿನ ತಂತಿಗೂ ಎಂಜಿನ್ನಿನ ಮೈಗೂ ನಡುವೆ ಬಲ್ಬನ್ನು ಸೇರಿಸಿ, ಕೀಲಿ ತಿರುವಿ, ಎಂಜಿನ್ನನ್ನು ಕೈಯಿಂದ ಮೆಲ್ಲನೆ ಸುತ್ತಿದರೆ, ಪಾಯಿಂಟು ಬಿಡಿಸಿಕೊಂಡ ಕ್ಷಣದಲ್ಲಿ ಬಲ್ಬು ಹೊತ್ತುತ್ತದೆ. ಪುಲ್ಲಿಯ ಗುರುತು ಆಗ ತಕ್ಕ ಜಾಗದಲ್ಲಿರಬೇಕು. ಆ ಬಲ್ಬು ಹೊತ್ತಿದಾಗ ಮಿತ್ರರ ಮಗಳ ಮುಖವೂ ಹೊತ್ತಿತು.

ಈಗ ಕಾರ್ಬುರೇಟರ್. ಈ ಕಾರುಗಳಲ್ಲಿ ಸೋಲೆಕ್ಸ್ ಬಗೆಯದೂ ಉಂಟು, ಎಸ್.ಯು. ಬಗೆಯದೂ ಉಂಟು. ಮಿತ್ರರದು ಎಸ್.ಯು. ಅದರಲ್ಲಿ ಗಾಳಿಯ ಸೆಳೆತಕ್ಕೆ ಮೇಲೇಳುವ ಒಂದು ಪಿಸ್ಟನ್, ಅದಕ್ಕೆ ತೂಗಿದ ಸೂಜಿ, ಸೂಜಿಯ ಕೆಳಗೆ ಜೆಟ್ಟು, ಇಷ್ಟೇ ಸಂಸಾರ. ಚೋಕ್ ಎಳೆದಾಗ ಜೆಟ್ಟು ಕೆಳಗಿಳಿದು ಪೆಟ್ರೋಲ್ ಹೆಚ್ಚುತ್ತದೆ. ಚೋಕ್ ಒತ್ತಿದಾಗ ಅದು ಮೇಲಕ್ಕೆ ಮರಳಬೇಕು. ಉಸ್ತಾದರು ಬೆರಳಿಟ್ಟು ನೋಡಿ ನಕ್ಕರು. ಜೆಟ್ಟು ಮರಳಿರಲಿಲ್ಲ. ನಮ್ಮ ಮುರ್ರಂ ಕಲ್ಲಿನ ಕೆಂಧೂಳೂ ಒಣಗಿದ ಎಣ್ಣೆಯೂ ಬೆರೆತು ಅದನ್ನು ಅರ್ಧಕ್ಕೇ ಹಿಡಿದು ನಿಲ್ಲಿಸಿದ್ದವು. ಡ್ರೈವರಿನ ಕೈಯಲ್ಲಿ ಚೋಕ್ ಮುಚ್ಚಿತ್ತು, ಎಂಜಿನ್ನಿನ ಬಾಯಲ್ಲಿ ಸದಾ ತೆರೆದೇ ಇತ್ತು. ಒಂದಿಷ್ಟು ಪೆಟ್ರೋಲ್, ಒಂದು ಹಳೆಯ ಬ್ರಷ್, ಎರಡು ಹನಿ ತೆಳು ಎಣ್ಣೆ: ಚಿಕಿತ್ಸೆ ಮುಗಿಯಿತು. ಬಳಿಕ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಪರೀಕ್ಷಿಸಿದರು. ಎತ್ತಿದಾಗ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ಎಂಜಿನ್ ಸೊರಗಿ ನಿಂತರೆ ಕಡಿಮೆ. ಒಂದು ಕ್ಷಣ ಏರಿ ತನ್ನ ಪಾಡಿಗೆ ತಾನು ಮರಳಿದರೆ ಸರಿ. ಇದನ್ನು ತಿದ್ದಲು ಜೆಟ್ಟಿನ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಬೇಕು. ಹಾಗೆ ಎರಡು ಸಲ ತಿರುಗಿಸಿದ ಮೇಲೆ ಗಣ ಕೂಡಿತು. ಮರುವಾರದ ತಪಾಸಣೆಯಲ್ಲಿ ಹೊಗೆ ಮಿತಿಯೊಳಗೆ ಬಂತು. ನೋಂದಣಿ ಐದು ವರ್ಷಕ್ಕೆ ಮುಂದುವರಿಯಿತು.

ನಮ್ಮ ಜಿಲ್ಲೆಯ ಮಣ್ಣೂ ಬೆಳೆಯೂ ಈ ಯಂತ್ರದ ಜಾತಕದಲ್ಲಿ ಸೇರಿವೆ. ಬೀದರದ ಕೆಂಧೂಳಿಗೆ ಏರ್ ಕ್ಲೀನರನ್ನು ಅಡಿಗಡಿಗೆ ತೊಳೆಯಬೇಕು. ಔರಾದದ ಕರಿಮಣ್ಣು ಮಳೆಗಾಲದಲ್ಲಿ ಮಡ್ಗಾರ್ಡಿನ ಒಳಮೈಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಊರಿಗೆ ಮರಳಿದೊಡನೆ ನೀರು ಹೊಡೆದು ಬಿಡಿಸಿ, ಗ್ರೀಸು ತುಂಬುವುದು ಲೇಸು. ಭಾಲ್ಕಿಯ ಕಡೆ ಬೆಳೆಯುವಂಥ ಕಬ್ಬಿಗೂ ಪೆಟ್ರೋಲಿಗೂ ಈಗ ನೆಂಟಸ್ತಿಕೆ ಬೆಳೆದಿದೆ. 2023ರಿಂದ ಬಂಕುಗಳಿಗೆ ಬರತೊಡಗಿದ, ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ಈ ಎಂಜಿನ್ನಿನ ಶಿಲ್ಪಿಗಳು ಕನಸಿನಲ್ಲೂ ಎಣಿಸಿರಲಾರರು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲಿನ ಕೊಳವೆ, ಪಂಪಿನ ಪೊರೆ ಇವನ್ನು ಹೊಸ ಬಗೆಯ ರಬ್ಬರಿನವಕ್ಕೆ ಬದಲಿಸಿಕೊಳ್ಳಿ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಬಿಗಿತದ ಮಾತೂ ಹಾಗೆಯೇ. ಸೋಲೆಕ್ಸ್ ಕಾರ್ಬುರೇಟರಿನ ಮೈ ಸತುವಿನ ಮಿಶ್ರಲೋಹ. ಬಿದರಿ ಕಲೆಯ ಹೂಜಿಯೂ ಬಹುಪಾಲು ಸತುವೇ. ಆ ಲೋಹಕ್ಕೆ ನಯವಾದ ಕೈ ಬೇಕೆಂದು ನಮ್ಮ ಊರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಪೇಚನ್ನು ಹಟದಿಂದ ಬಿಗಿದರೆ ಅದರ ಆಟೆಯೇ ಕಿತ್ತುಬರುತ್ತದೆ.

ಹಾಗೆಂದು ಎಲ್ಲ ಹಳೆಯ ಕಾರನ್ನೂ ಉಳಿಸಿಕೊಳ್ಳಿರೆಂದು ನಾನು ಹೇಳಲಾರೆ. ಅಂಬಾಸಿಡರಿನಲ್ಲಿ ಲಾರಿಯಂತೆ ಚಾಸಿ ಬೇರೆ, ಮೈ ಬೇರೆ ಎಂಬ ಭೇದವಿಲ್ಲ, ಮೈಯೇ ಬೆನ್ನೆಲುಬು. ಬಾಗಿಲ ಕೆಳಗಿನ ಅಂಚು, ನೆಲದ ತಗಡು, ಸ್ಪ್ರಿಂಗು ಕೂರುವ ಜಾಗ, ಇವನ್ನು ಪೇಚಕಸದಿಂದ ಚುಚ್ಚಿ ನೋಡಿ. ಪುಡಿಪುಡಿಯಾಗಿ ಉದುರಿದರೆ ಎಂಜಿನ್ ಎಷ್ಟು ಇಂಪಾಗಿ ಹಾಡಿದರೂ ಆ ಕಾರಿನಲ್ಲಿ ಹೆಂಡಿರು ಮಕ್ಕಳನ್ನು ಕೂರಿಸಬೇಡಿ. ಬ್ರೇಕಿನ ಕೆಲಸವನ್ನು ಬಲ್ಲವರ ಕೈಗೇ ಒಪ್ಪಿಸಿ. ಪೆಟ್ರೋಲಿನ ಹತ್ತಿರ ಬೀಡಿ, ದೀಪ ಬೇಡ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸುವುದು ಬೇಡವೇ ಬೇಡ.

ಮೈ ಗಟ್ಟಿಯಿದ್ದು ಉಸಿರು ಮಾತ್ರ ಕೆಟ್ಟಿದ್ದರೆ, ಗುಜರಿಯವನಿಗೆ ಹೇಳಿಕಳಿಸುವ ಮೊದಲು ಒಂದು ಭಾನುವಾರ ಕಾಯಿರಿ. ಭಾಲ್ಕಿಯ ಆ ವಹಿಯಲ್ಲಿ ಈಗ ನಾಲ್ಕು ಮನೆಗಳ ಪಟ್ಟಿಯೊಂದಿದೆ: ದಿನಾಂಕ, ಓಡಿದ ಮೈಲಿ, ಮಾಡಿದ ಕೆಲಸ, ಕೇಳಿಸಿದ ಸದ್ದು. ಮೊದಲ ಮೂರನ್ನು ಯಾವ ಪುಸ್ತಕದಿಂದಲಾದರೂ ಕಲಿಯಬಹುದು. ನಾಲ್ಕನೆಯದನ್ನು ಹೇಳಿಕೊಡುವವರು ನಿಮ್ಮ ಊರಿನಲ್ಲಿ ಇನ್ನು ಒಬ್ಬರೋ ಇಬ್ಬರೋ ಇರಬಹುದು. ಅವರ ಅಂಗಡಿಗೆ ಬಹುಶಃ ಬಾಗಿಲು ಬಿದ್ದಿರಬಹುದು. ಮನೆ ಹುಡುಕಿಕೊಂಡು ಹೋಗಿ. ಅಂಗಳಕ್ಕೆ ಒಂದು ಕುರ್ಚಿ ತನ್ನಿ, ಒಂದು ಕಪ್ ಚಹಾ ಕೊಡಿ, ಎಂಜಿನ್ ಶುರುಮಾಡಿ ಸುಮ್ಮನೆ ನಿಲ್ಲಿ. ಮನೆಯ ಮಕ್ಕಳಲ್ಲಿ ಒಬ್ಬರ ಕೈಗೆ ಪೆನ್ಸಿಲು ಕೊಡುವುದನ್ನು ಮರೆಯಬೇಡಿ.