ದೋಣಿಗೂ ಅಯಾನುಗೋಳಕ್ಕೂ ಏನು ನಂಟು?

ಮಂಗಳೂರಿನ ಧಕ್ಕೆಯಿಂದ ಹೊರಟ ದೋಣಿಗೆ ನಡುಗಡಲಲ್ಲಿ ದಾರಿ ತೋರುವುದು ಉಪಗ್ರಹಗಳ ರೇಡಿಯೋ ಅಲೆ. ಅದು ಅಯಾನುಗೋಳವನ್ನು ದಾಟಿಯೇ ಬರಬೇಕು. ಸುಮಾರು 60 ಕಿ.ಮೀ. ಎತ್ತರದಿಂದ ಆರಂಭವಾಗುವ ಈ ಪದರದಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಅಣುಗಳಿಂದ ಇಲೆಕ್ಟ್ರಾನುಗಳನ್ನು ಬಿಡಿಸಿರುತ್ತವೆ. ಅವು ಅಲೆಯನ್ನು ತಡಮಾಡಿಸುತ್ತವೆ. ಸೆಕೆಂಡಿನ ಕೋಟಿಯಲ್ಲೊಂದು ಪಾಲು ತಡವಾದರೂ ಸಾಕು, ದೂರದ ಲೆಕ್ಕ 30 ಮೀಟರ್ ತಪ್ಪುತ್ತದೆ! ಕತ್ತಲಲ್ಲಿ ಮರಳದಿಬ್ಬ ತಪ್ಪಿಸಿ ಅಳಿವೆ ಹೊಗುವವರಿಗೆ ಇದು ಸಣ್ಣ ಮಾತಲ್ಲ.

ಪರಿಹಾರವೇನು? ಆವರ್ತಾಂಕ ಕಡಿಮೆಯಾದಷ್ಟೂ ತಡ ಹೆಚ್ಚು. ಹಾಗಾಗಿ ಎರಡು ಆವರ್ತಾಂಕಗಳ ಅಲೆ ಕಳುಹಿಸಿ, ಅವು ತಲುಪುವ ಹೊತ್ತಿನ ಅಂತರ ಅಳೆದರಾಯಿತು. ತಪ್ಪನ್ನೂ ತಿದ್ದಬಹುದು, ದಾರಿಯಲ್ಲಿದ್ದ ಇಲೆಕ್ಟ್ರಾನುಗಳ ಲೆಕ್ಕವೂ ಸಿಗುತ್ತದೆ. 2013ರಲ್ಲಿ ಮೊದಲಾದ ಇಸ್ರೋದ ನಾವಿಕ್ ಸರಣಿ 1176 ಮತ್ತು 2492 ಮೆಗಾಹರ್ಟ್ಸ್‌ಗಳ ಅಲೆಗಳನ್ನು ಬಳಸುತ್ತದೆ. ಆದರೆ ದೋಣಿಯ ಯಂತ್ರಕ್ಕೆ ಎರಡೂ ಕೇಳಿಸಬೇಕು. ಒಂದೇ ಕೇಳಿಸಿದರೆ ತಡವನ್ನು ಅಂದಾಜಿಸಬೇಕಷ್ಟೇ.