ಅಪ್ಪ ಕಳಿಸುವ ಮಳೆ ಲೆಕ್ಕ

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಒಂದು ಸಂಭಾಷಣೆ ಸಾಮಾನ್ಯವಾಗಿ ಕಿವಿಗೆ ಬೀಳುತ್ತದೆ. ‘ಹೇಗಿದ್ದೀರಿ?’ ‘ಚೆನ್ನಾಗಿದ್ದೇವೆ.’ ‘ಊಟ ಆಯ್ತಾ?’ ‘ಆಯ್ತು. ನಿಂದು?’ ‘ಈಗ ಮಾಡಬೇಕು.’ ಆಮೇಲೆ ಇಬ್ಬರೂ ಸುಮ್ಮನಾಗುತ್ತಾರೆ. ‘ತಗೋ, ಅಮ್ಮನ ಹತ್ತಿರ ಮಾತಾಡು’ ಎಂದು ಅಪ್ಪ ಫೋನನ್ನು ಒಳಗೆ ದಾಟಿಸುತ್ತಾನೆ. ಆ ತುದಿಯಲ್ಲಿರುವವನು ಎಂಜಿನಿಯರಿಂಗ್ ಓದಿ, ಬೆಂಗಳೂರು ದಾಟಿ, ಕ್ಯಾಲಿಫೋರ್ನಿಯ ಸೇರಿದ ಮಗ. ನಡುವಿನ ದೂರ ಸುಮಾರು 14,000 ಕಿಲೋಮೀಟರ್. ಆದರೂ ಮುಖ ಕಾಣುತ್ತದೆ, ಮಾತು ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಮಾತಾಡುವುದಕ್ಕೆ ಮಾತ್ರ ವಿಷಯವಿಲ್ಲ!

ಹಿಂದೆ ಹೀಗಿರಲಿಲ್ಲ. ಏರೋಗ್ರಾಮ್ ಎಂಬ ತೆಳು ಹಾಳೆಯನ್ನು ಅನೇಕರು ಮರೆತಿರಲಾರರು. ಒಂದೇ ಹಾಳೆ, ಅದನ್ನೇ ಮಡಿಸಿ ಅಂಟಿಸಬೇಕು. ಒಳಗೆ ಬೇರೆ ಚೀಟಿ ಇಡುವಂತಿಲ್ಲ. ಆದ್ದರಿಂದ ಅಪ್ಪ ಯೋಚಿಸಿ ಬರೆಯುತ್ತಿದ್ದ. ಮಳೆ ಹಿಡಿಯಿತೇ ಬಿಟ್ಟಿತೇ, ಕೊಳೆ ಎಷ್ಟು ಉದುರಿಸಿತು, ಕೌಲಿ ಎಮ್ಮೆ ಕರು ಹಾಕಿತು, ಹೊಳೆಯ ಸಂಕ ಕೊಚ್ಚಿಹೋಯಿತು ಎಲ್ಲವೂ ಅದರಲ್ಲಿರುತ್ತಿತ್ತು. ಪತ್ರ ಹೋಗಿ ಉತ್ತರ ಬರುವುದಕ್ಕೆ ಸುಮಾರು ಒಂದು ತಿಂಗಳು. ರೈತನ ಲೆಕ್ಕದಲ್ಲಿ ಹೇಳುವುದಾದರೆ ಎರಡು ಮಳೆ ನಕ್ಷತ್ರ. ಆರಿದ್ರಾ ಮಳೆಯಲ್ಲಿ ಕೇಳಿದ ಪ್ರಶ್ನೆಗೆ ಪುಷ್ಯ ಮಳೆಯಲ್ಲಿ ಉತ್ತರ!

ಆಮೇಲೆ ಫೋನು ಬಂತು. ಪೇಟೆಯ ಹಳದಿ ಬೋರ್ಡಿನ ಬೂತಿನಲ್ಲಿ ಅಪ್ಪ ಕಿರುಚುತ್ತಿದ್ದುದಕ್ಕೆ ದೂರ ಹೆಚ್ಚೆಂಬ ಭಾವನೆಯೊಂದೇ ಕಾರಣವಲ್ಲ. ಉಪಗ್ರಹದ ಮೂಲಕ ಹೋಗುವ ಮಾತು ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲೇರಿ, ಅಷ್ಟೇ ದೂರ ಕೆಳಗಿಳಿಯಬೇಕು. ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. 72,000 ಕಿ.ಮೀ. ದಾಟಲು ಹತ್ತಿರ ಹತ್ತಿರ ಕಾಲು ಸೆಕೆಂಡು. ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. ಅಪ್ಪ ‘ಹಲೋ’ ಎಂದು ಅರೆ ಸೆಕೆಂಡು ಕಾದು, ಕೇಳಿಸಲಿಲ್ಲವೆಂದುಕೊಂಡು ಮತ್ತೆ ‘ಹಲೋ’ ಎನ್ನುವ ಹೊತ್ತಿಗೆ ಮೊದಲ ಹಲೋದ ಉತ್ತರ ಬಂದು ಎರಡೂ ಡಿಕ್ಕಿ ಹೊಡೆಯುತ್ತಿದ್ದವು. ಎದುರಿಗೆ ಮೀಟರಿನ ಅಂಕಿ ಓಡುತ್ತಿತ್ತು. ತೋಟದ ಸುದ್ದಿಗೆ ಅಲ್ಲಿ ಜಾಗವೆಲ್ಲಿ? ‘ಎಲ್ಲಾ ಆರಾಮ’ ಎಂಬ ಮಾತು ಅಲ್ಲಿಂದಲೇ ರೂಢಿಯಾಯಿತು.

1990ರ ದಶಕದಲ್ಲಿ ಗಾಜಿನ ಎಳೆಯ ಕೇಬಲ್ಲುಗಳು ಸಮುದ್ರದ ತಳದಲ್ಲಿ ಮುಂಬಯಿಗೆ ಬಂದವು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. 20,000 ಕಿ.ಮೀ. ಕೇಬಲ್ಲಾದರೂ ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. 2003ರಲ್ಲಿ ಸ್ಕೈಪ್ ಬಂತು, 2025ರಲ್ಲಿ ಅದು ನಿಂತೂ ಹೋಯಿತು. 2016ರಿಂದ ವಾಟ್ಸಾಪಿನಲ್ಲೇ ಮುಖ ನೋಡಬಹುದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ, ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದರೆ ಅದು ಬೇರೆ ಮಾತು. ಸಾಧನ ಸುಧಾರಿಸಿತು. ‘ಎಲ್ಲಾ ಆರಾಮ’ ಮಾತ್ರ ಹಾಗೇ ಉಳಿಯಿತು.

ಈ ಮೌನಕ್ಕೆ ಒಂದು ಮದ್ದು ಅನೇಕ ಬೆಳೆಗಾರರ ಅಂಗಳದಲ್ಲೇ ಇದೆ. ಅದು ಮಳೆಮಾಪಕ. ಮಲೆನಾಡು, ಕೊಡಗುಗಳಲ್ಲಿ ದಿನದ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ಬೆಳೆಗಾರರು ಹಿಂದಿನಿಂದಲೂ ಇದ್ದಾರೆ. ಈ ಉಪಕರಣದಲ್ಲಿ ಗುಟ್ಟೇನೂ ಇಲ್ಲ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಪಾತ್ರೆಯನ್ನು ಮರ, ಮಾಡುಗಳಿಂದ ದೂರ ಬಯಲಲ್ಲಿಟ್ಟು, ನಿಂತ ನೀರಿನ ಎತ್ತರ ಅಳೆದರೆ ಅದೇ ಮಳೆಯ ಪ್ರಮಾಣ. ಬಾಯಿ ದೊಡ್ಡದಾದರೂ ಚಿಕ್ಕದಾದರೂ ಎತ್ತರ ಒಂದೇ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಒಂದು ಎಕರೆ ತೋಟಕ್ಕೆ ಒಂದು ಅಂಗುಲ ಮಳೆಯಾದರೆ ಬಿದ್ದ ನೀರು ಒಂದು ಲಕ್ಷ ಲೀಟರಿಗೂ ಹೆಚ್ಚು!

ಹವಾಮಾನ ಇಲಾಖೆಯವರು ಹಿಂದಿನ 24 ಗಂಟೆಯ ಮಳೆಯನ್ನು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ. ಅಪ್ಪನೂ ಆ ಹೊತ್ತಿಗೇ ಅಳೆದರೆ, ಕ್ಯಾಲಿಫೋರ್ನಿಯದಲ್ಲಿ ಆಗ ಹಿಂದಿನ ದಿನದ ರಾತ್ರಿ ಎಂಟು. ನಮ್ಮ ಮುಂಗಾರಿನ ತಿಂಗಳುಗಳಲ್ಲಿ ಎರಡೂ ಕಡೆಯ ಗಡಿಯಾರಗಳ ಅಂತರ ಹನ್ನೆರಡೂವರೆ ಗಂಟೆ. ಮಗ ಕೆಲಸ ಮುಗಿಸಿ ಊಟಕ್ಕೆ ಕೂರುವ ಸಮಯ. ಅಪ್ಪನ ಮಂಗಳವಾರದ ಮಳೆ ಮಗನಿಗೆ ಸೋಮವಾರವೇ ತಲುಪಿತು!

‘ನಿನ್ನೆ 112 ಮಿಲಿಮೀಟರ್’ ಎಂಬ ಒಂದು ಸಾಲು ಹೋಗಲಿ. ಅದರ ಹಿಂದೆ ಎಷ್ಟೋ ಮಾತು ಹೊರಡುತ್ತದೆ. ಬೋರ್ಡೋ ದ್ರಾವಣ ಹೊಡೆದಾಗಿತ್ತೇ? ಮೊದಲ ಸಿಂಪಡಣೆಯಾಗಿ ನಲವತ್ತು ದಿನ ಕಳೆಯಿತಲ್ಲ, ಎರಡನೆಯದಕ್ಕೆ ಬಿಸಿಲು ಸಿಕ್ಕಿತೇ? ಮರ ಹತ್ತುವವರು ಬಂದರೇ? ಮಗನೂ ಹೇಳುವುದಕ್ಕೆ ಸಾಕಷ್ಟಿದೆ. ಅಲ್ಲಿಯ ಋತುಮಾನ ನಮ್ಮದಕ್ಕೆ ತಲೆಕೆಳಗು. ಇಲ್ಲಿ ಹೊಳೆ ಉಕ್ಕುವಾಗ ಅಲ್ಲಿನ ಗುಡ್ಡಗಳ ಹುಲ್ಲು ಒಣಗಿರುತ್ತದೆ; ಮಳೆ ಬರುವುದು ಚಳಿಗಾಲದಲ್ಲಿ. ಸ್ಯಾನ್ ಹೋಸೆ ಪಟ್ಟಣಕ್ಕೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 15 ಅಂಗುಲ. ಆಗುಂಬೆಯ ಸೀಮೆಯಲ್ಲಿ ಒಂದು ವಾರದ ಜಡಿಮಳೆ ಅಷ್ಟನ್ನು ಸುರಿದುಬಿಡುತ್ತದೆ. ಇದನ್ನು ಕೇಳಿದ ಅಪ್ಪ, ‘ಅಷ್ಟರಲ್ಲಿ ಅವರು ಬೆಳೆ ಹೇಗೆ ಬೆಳೆಯುತ್ತಾರೋ?’ ಎನ್ನದೆ ಇರುವುದಿಲ್ಲ. ಬೆಟ್ಟದ ಹಿಮ ಕರಗಿದ ನೀರನ್ನು ಅಣೆಕಟ್ಟು, ಕಾಲುವೆಗಳಲ್ಲಿ ಹಿಡಿದಿಡುವ ಕಥೆಯನ್ನು ಮಗ ಹೇಳಬೇಕಾಗುತ್ತದೆ. ಇಬ್ಬರಿಗೂ ತಿಳಿಯದ ಸಂಗತಿ ಎದುರಿಗಿದ್ದರೆ ಮಾತು ನಿಲ್ಲುವುದಿಲ್ಲ.

ಮಳೆಯ ಸುದ್ದಿಗೆ ಅಪ್ಪನೇ ಏಕೆ, ಕಂಪ್ಯೂಟರಿನಲ್ಲಿ ಸಿಗುವುದಿಲ್ಲವೇ ಎಂದು ಕೇಳಬಹುದು. ಇನ್ಸಾಟ್ ಉಪಗ್ರಹಗಳು ತೆಗೆದ ಅರಬ್ಬೀ ಸಮುದ್ರದ ಮೋಡದ ಚಿತ್ರವನ್ನು ಮಗ ಅಲ್ಲಿ ಕುಳಿತೇ ನೋಡಬಲ್ಲ. ‘ಮೋಡ ಬರುತ್ತಿದೆ, ಇವತ್ತು ಔಷಧಿ ಹೊಡೆಸಬೇಡಿ’ ಎಂದು ಎಚ್ಚರಿಸಲೂ ಬಲ್ಲ. ಆದರೆ ಉಪಗ್ರಹ ಮೋಡದ ತಲೆಯನ್ನು ನೋಡಿ ಮಳೆಯನ್ನು ಅಂದಾಜು ಮಾಡುತ್ತದೆ, ಅಷ್ಟೇ. ಮಲೆನಾಡಿನಲ್ಲಿ ಗುಡ್ಡದ ಈಚೆಗೆ ಸುರಿದ ಮಳೆ ಆಚೆಗಿರುವುದಿಲ್ಲ. ತನ್ನ ಮನೆಯಂಗಳದಲ್ಲಿ ನಿಜವಾಗಿ ಬಿದ್ದದ್ದು ಎಷ್ಟೆಂಬ ಅಂಕಿ ಜಗತ್ತಿನಲ್ಲಿ ಒಬ್ಬನಿಂದ ಮಾತ್ರ ಮಗನಿಗೆ ಸಿಗುತ್ತದೆ. ತನ್ನಿಂದ ಮಗನಿಗೆ ಇನ್ನೇನೂ ಆಗಬೇಕಾದ್ದಿಲ್ಲ ಎಂದು ಒಳಗೊಳಗೇ ಕೊರಗುವ ತಂದೆಗೆ ಇದು ಸಣ್ಣ ಸಂಗತಿಯಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಉಪಯೋಗವೂ ಇದೆ. ತಂದೆಯಾದವನು ಜ್ವರ ಬಂದರೆ ಫೋನಿನಲ್ಲಿ ಹೇಳುವುದಿಲ್ಲ. ಜಾರಿ ಬಿದ್ದು ಕಾಲು ಊದಿದರೂ ‘ಏನಿಲ್ಲ’ ಎನ್ನುತ್ತಾನೆ; ಅಷ್ಟು ದೂರ ಇರುವವನಿಗೆ ಯಾಕೆ ಚಿಂತೆ ಎಂದು ತಾಯಿಯೂ ಬಾಯಿ ಬಿಡುವುದಿಲ್ಲ. ಆದರೆ ಜುಲೈ ತಿಂಗಳ ಲೆಕ್ಕದಲ್ಲಿ ಮೂರು ದಿನ ಖಾಲಿ ಬಿದ್ದರೆ ಮಗ ಕೇಳದೆ ಇರಲಾರ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಸೊನ್ನೆ ಬೇರೆ, ಖಾಲಿ ಬೇರೆ. ಖಾಲಿ ಎಂದರೆ ಅಂಗಳಕ್ಕೆ ಇಳಿದು ಅಳೆಯುವವನು ಇಳಿಯಲಿಲ್ಲ ಎಂದು ಅರ್ಥ.

ಮುಂದೆ ತೋಟ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಅಪ್ಪ ಕೇಳಲು ಹಿಂಜರಿಯುತ್ತಾನೆ, ಮಗ ಉತ್ತರಿಸಲು ಹಿಂಜರಿಯುತ್ತಾನೆ. ಮಳೆಮಾಪಕ ಆ ಪ್ರಶ್ನೆಯನ್ನು ಬಿಡಿಸಲಾರದು. ಆದರೆ ತೋಟದ ದಿನದಿನದ ಸುದ್ದಿ ಗೊತ್ತಿರುವ ಮಗನೊಡನೆ ಆ ಮಾತು ತೆಗೆಯುವುದು ಅಷ್ಟು ಕಷ್ಟವಾಗದು. ಉಳಿಸಿಕೊಳ್ಳುವುದೋ, ಮಾರುವುದೋ ಎಂಬ ತೀರ್ಮಾನ ಯಾವುದೇ ಆಗಲಿ, ತಿಳಿದು ಮಾಡಿದಂತಾಗುತ್ತದೆ. ಊರಿಗೆ ಬಂದಾಗ ಮಗ ಅಪ್ಪನಿಗೆ ಇನ್ನೊಂದು ಹೊಸ ಫೋನು ತರುವ ಬದಲು ಒಂದು ಒಳ್ಳೆಯ ಮಳೆಮಾಪಕ ತಂದುಕೊಡಲಿ. ದಿನವೂ ರಾತ್ರಿ ಎಂಟಕ್ಕೆ ‘ಎಷ್ಟು ಬಿತ್ತು?’ ಎಂದು ಕೇಳುವುದನ್ನು ಮಾತ್ರ ತಪ್ಪಿಸಬಾರದು.