ಕಾಲೇಜಿನ ಹೆಸರಿಗಿಂತ ಮಕ್ಕಳ ಒಲವು ದೊಡ್ಡದು

ಅಕ್ಟೋಬರ್ ಬಂತೆಂದರೆ ಲಾಸ್ ಏಂಜಲೀಸ್ ಸುತ್ತಲಿನ ಕನ್ನಡ ಕುಟುಂಬಗಳಲ್ಲಿ ಒಂದೇ ಮಾತು. ಕ್ಯಾಲಬಾಸಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಸಿಕ್ಕವರೂ, ಊರಿನಿಂದ ಫೋನ್ ಮಾಡುವ ಅಜ್ಜಿಯೂ ಕೇಳುವುದು ಅದನ್ನೇ: ‘ಯಾವ ಕಾಲೇಜಿಗೆ ಅರ್ಜಿ ಹಾಕಿದಿರಿ?’ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಗೆ ನವೆಂಬರ್ ಅಂತ್ಯದ ಹೊತ್ತಿಗೆ ಗಡುವು ಮುಗಿಯುತ್ತದೆ.

ಮಗುವಿಗೆ ಗಣಿತ ಚೆನ್ನಾಗಿ ಬರುತ್ತದೆ ಎಂದರೆ ಬಹಳಷ್ಟು ಮನೆಗಳಲ್ಲಿ ತೀರ್ಮಾನ ಮೊದಲೇ ಆಗಿರುತ್ತದೆ: ಕಂಪ್ಯೂಟರ್ ಸೈನ್ಸ್, ಅದೂ ಹೆಸರಾಂತ ಕಾಲೇಜಿನಲ್ಲಿ. ಸಾಲ ಮಾಡಿ ಓದಿಸುವ ಹೆತ್ತವರಿಗೆ ಉದ್ಯೋಗದ ಚಿಂತೆ ಸಹಜವೇ. ಆದರೆ ವಿಮೆ, ಬ್ಯಾಂಕು, ಔಷಧ ಪರೀಕ್ಷೆ, ಕೃತಕ ಬುದ್ಧಿಮತ್ತೆ ಎಲ್ಲಕ್ಕೂ ಸಂಖ್ಯಾಶಾಸ್ತ್ರ ಬಲ್ಲವರು ಬೇಕು ಎಂಬುದನ್ನು ನಾವು ಮರೆಯಬಾರದು.

ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮಗುವಿಗೆ ಪ್ರಮೇಯ ಸಾಧಿಸುವುದರಲ್ಲಿ ಖುಷಿಯೋ, ಅಂಕಿಅಂಶ ಬಗೆದು ಅರ್ಥ ಹುಡುಕುವುದರಲ್ಲಿ ಖುಷಿಯೋ? ಯುಸಿಎಲ್‌ಎಯಲ್ಲಿ ಗಣಿತಕ್ಕೊಂದು, ಸಂಖ್ಯಾಶಾಸ್ತ್ರಕ್ಕೊಂದು ಪ್ರತ್ಯೇಕ ವಿಭಾಗವಿದೆ. ಸ್ಯಾನ್ ಡಿಯಾಗೊದಲ್ಲಿ ಸಂಖ್ಯಾಶಾಸ್ತ್ರದ ಪದವಿ ಗಣಿತ ವಿಭಾಗದ ಒಳಗೇ ಸಿಗುತ್ತದೆ. ಡೇಟಾ ಸೈನ್ಸ್‌ಗೆ 2018ರಲ್ಲಿ ಬೇರೆ ಸಂಸ್ಥೆಯೇ ಆರಂಭವಾಯಿತು. ಒಂದೇ ಅರ್ಜಿಯಲ್ಲಿ ಒಂಬತ್ತೂ ಕ್ಯಾಂಪಸ್‌ಗಳನ್ನು ಕೇಳಬಹುದು, ಒಂದೊಂದು ಕಡೆ ಒಂದೊಂದು ವಿಷಯ ಆರಿಸಬಹುದು. ಈಗ ಅಲ್ಲಿ ಪ್ರವೇಶಕ್ಕೆ ಎಸ್‌ಎಟಿ ಅಂಕ ನೋಡುವುದಿಲ್ಲ. ಶಾಲೆಯಲ್ಲಿ ಓದಿದ ವಿಷಯ, ಪಡೆದ ಗ್ರೇಡು, ಮಗು ತಾನೇ ಬರೆದ ಉತ್ತರಗಳಿಗೆ ಬೆಲೆ. ಹಾಗಾಗಿ ಕಾಲೇಜುಗಳ ರ‍್ಯಾಂಕ್ ಪಟ್ಟಿ ನೋಡುವ ಮೊದಲು ಪ್ರತಿ ವಿಭಾಗದ ಪಠ್ಯಕ್ರಮವನ್ನು ಮಗುವಿನ ಜೊತೆ ಕೂತು ಓದಿ.

ಕಮ್ಯುನಿಟಿ ಕಾಲೇಜು ಎಂದರೆ ಮೂಗು ಮುರಿಯುವುದನ್ನೂ ಬಿಡೋಣ. ಕ್ಯಾಲಬಾಸಸ್ ಪಕ್ಕದ ವುಡ್‌ಲ್ಯಾಂಡ್ ಹಿಲ್ಸ್‌ನ ಪಿಯರ್ಸ್ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಎರಡು ವರ್ಷ ಓದಿ, ಮುಂದೆ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗವಾಗಲು ಅರ್ಜಿ ಹಾಕಬಹುದು. ಸಾಲದ ಹೊರೆ ಇಳಿಸುವ ಈ ದಾರಿಯಲ್ಲಿ ಅವಮಾನವೇನೂ ಇಲ್ಲ.

ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಗಣಿತದ ಎಂ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದವರು. ಅಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ತರಬೇತಿಗೆ ಸೇರಿದ್ದು 1941ರಲ್ಲಿ. ಆಗ ನಮ್ಮಲ್ಲಿ ಆ ವಿಷಯದ ಹೆಸರು ಕೇಳಿದವರೇ ವಿರಳ. ನಾಲ್ಕು ವರ್ಷದ ನಂತರ ಅವರು ಪ್ರಕಟಿಸಿದ ಲೇಖನ ಇಂದಿಗೂ ಸಂಖ್ಯಾಶಾಸ್ತ್ರದ ಬುನಾದಿಗಳಲ್ಲೊಂದು. 2023ರಲ್ಲಿ, 102ರ ವಯಸ್ಸಿನಲ್ಲಿ, ಆ ಕ್ಷೇತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರನ್ನು ಅರಸಿ ಬಂತು.

ಎಲ್ಲ ಮಕ್ಕಳೂ ರಾವ್ ಆಗಬೇಕಿಲ್ಲ. ಆದರೆ ನಾಲ್ಕು ವರ್ಷ ತರಗತಿಯಲ್ಲಿ ಕೂರುವವರು ಮಕ್ಕಳು, ನಾವಲ್ಲ. ಅರ್ಜಿ ಕಳಿಸುವ ಮುನ್ನ ಒಂದು ಸಂಜೆ ಅವರ ಮಾತು ಕೇಳೋಣ.